ಡ್ರಾಕುಲಾನಾ, ಫ್ರೆಡ್ಡಿನಾ, ಲೆಕ್ಟರಾ? ಹಾರರ್ ಚಿತ್ರಗಳ ದೊಡ್ಡ ರಾಕ್ಷಸನ ತಗಾದೆ

ಪ್ರಶ್ನೆ: ನಾವು ಮೂವರು ಗೆಳೆಯರಿಗೆ ಹಾರರ್ ಸಿನಿಮಾ ಹುಚ್ಚು. ಈ ಚಿತ್ರಗಳಲ್ಲಿ ಎಲ್ಲರಿಗಿಂತ ದೊಡ್ಡ ರಾಕ್ಷಸ ಅಥವಾ ಖಳ ಯಾರು ಅನ್ನೋ ವಾದ ನಮ್ಮಲ್ಲಿ ಮುಗಿಯುವುದೇ ಇಲ್ಲ. ಒಬ್ಬ ಡ್ರಾಕುಲಾ ಅಂತಾನೆ. ಇನ್ನೊಬ್ಬಳು ಕನಸಿನೊಳಗೆ ಬಂದು ಕೊಲ್ಲುವ ಫ್ರೆಡ್ಡಿ ಕ್ರೂಗರ್ ಅಂತಾಳೆ. ನಾನು ನರಭಕ್ಷಕ ಮನೋವೈದ್ಯ ಹ್ಯಾನಿಬಲ್ ಲೆಕ್ಟರ್ ಪರ. ಆದರೆ 'ಅವನು ಬರೀ ಮನುಷ್ಯ, ಲೆಕ್ಕಕ್ಕಿಲ್ಲ' ಅಂತ ಇಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸುತ್ತಾರೆ. ಇದನ್ನು ತೀರ್ಮಾನಿಸಲು ಏನಾದರೂ ಅಳತೆಗೋಲು ಇದೆಯೇ? ನಿಮ್ಮ ಮತ ಯಾರಿಗೆ?

ಉತ್ತರ: ಅಳತೆಗೋಲು ಇದೆ, ಮತವೂ ಇದೆ. ಎರಡನ್ನೂ ಹೇಳುತ್ತೇನೆ.

'ಯಾರನ್ನು ಕಂಡರೆ ಜಾಸ್ತಿ ಭಯ' ಅಂತ ಕೇಳುತ್ತಾ ಹೋದರೆ ಈ ವಾದ ಎಂದಿಗೂ ಮುಗಿಯುವುದಿಲ್ಲ. ಭಯಕ್ಕೆ ಆಯಸ್ಸು ಕಡಿಮೆ. 1931ರಲ್ಲಿ ಜನ ಬೆಚ್ಚಿಬಿದ್ದ ದೃಶ್ಯಗಳನ್ನು ಇವತ್ತು ಮಕ್ಕಳೂ ಆರಾಮಾಗಿ ನೋಡುತ್ತಾರೆ. ಎಷ್ಟು ಜನರನ್ನು ಕೊಂದ, ಎಷ್ಟು ಭಾಗ ಬಂತು ಅನ್ನುವ ಲೆಕ್ಕವೂ ಬೇಡ. ಹಾಗೆ ಎಣಿಸಿದರೆ 'ಫ್ರೈಡೇ ದ 13ತ್' ಸರಣಿಯ ಜೇಸನ್ ಸುಲಭವಾಗಿ ಮುಂದೆ ಬಂದುಬಿಡುತ್ತಾನೆ. ಆದರೆ 1980ರ ಮೊದಲ ಚಿತ್ರದಲ್ಲಿ ಕೊಲೆಗಾರ ಅವನಲ್ಲ, ಅವನ ತಾಯಿ. ಅವನ ಗುರುತಾದ ಹಾಕಿ ಮುಖವಾಡ ಬಂದದ್ದು 1982ರ ಮೂರನೇ ಭಾಗದಲ್ಲಿ. ಅವನು ಭಾಗ ಭಾಗವಾಗಿ ಕೂಡಿಬಂದ ಪಾತ್ರ. ಜನಪ್ರಿಯ, ನಿಜ. ದೊಡ್ಡವನು ಅಂತ ನಾನು ಒಪ್ಪುವುದಿಲ್ಲ.

ನಾನು ಕೇಳುವ ಪ್ರಶ್ನೆ ಬೇರೆ. ಈ ಪಾತ್ರದಿಂದ ಏನನ್ನು ಕಿತ್ತುಕೊಂಡಿದ್ದಾರೆ?

ಹಾರರ್ ಚಿತ್ರಗಳ ದೊಡ್ಡ ದೊಡ್ಡ ರಾಕ್ಷಸರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ. ಕೋರೆಹಲ್ಲು, ಉಗುರು, ಚಾಕು ಇವೆಲ್ಲ ಮೇಲಿನ ಅಲಂಕಾರ. ನಮ್ಮಂಥದ್ದೇ ಒಂದು ಜೀವ ಇರುತ್ತದೆ. ಅದರಲ್ಲಿ ಇರಲೇಬೇಕಾದ ಏನೋ ಒಂದು ಇರುವುದಿಲ್ಲ. ಒಬ್ಬನಿಗೆ ಮುಖ ಇಲ್ಲ. ಒಂದಕ್ಕೆ ಕಣ್ಣಿಲ್ಲ. ಇನ್ನೊಬ್ಬನಿಗೆ ಮಾತಿಲ್ಲ. ಆ ಖಾಲಿ ಜಾಗವನ್ನು ತುಂಬುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಭಯದಿಂದ ತುಂಬಿಕೊಳ್ಳುತ್ತಾರೆ. ಅದಕ್ಕೇ ಆ ಪಾತ್ರ ತಲೆಯಿಂದ ಹೋಗುವುದಿಲ್ಲ. ಮುಂದಿನ ಭಾಗಗಳಲ್ಲಿ ಯಾರಾದರೂ ಬಂದು ಆ ಜಾಗ ತುಂಬಿಬಿಟ್ಟರೆ ರಾಕ್ಷಸನ ಕತೆ ಮುಗಿದ ಹಾಗೆಯೇ.

1978ರ 'ಹ್ಯಾಲೋವೀನ್' ನೋಡಿ. ಜಾನ್ ಕಾರ್ಪೆಂಟರ್ ಮೂರು ಲಕ್ಷ ಡಾಲರ್ ಚಿಲ್ಲರೆಯಲ್ಲಿ ತೆಗೆದ ಚಿತ್ರ. ಅದರ ಕೊಲೆಗಾರ ಮೈಕಲ್ ಮೈಯರ್ಸ್‌ಗೆ ಹೊಸ ಮುಖವಾಡ ಮಾಡಿಸುವಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಅಂಗಡಿಯಿಂದ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್, ಅಂದರೆ ನಟ ವಿಲಿಯಂ ಶಾಟ್ನರ್ ಮುಖದ ಒಂದು ರಬ್ಬರ್ ಮುಖವಾಡ ತಂದರು. ಬೆಲೆ ಎರಡು ಡಾಲರಿನ ಆಸುಪಾಸು. ಕಲಾ ವಿಭಾಗ ನೋಡಿಕೊಳ್ಳುತ್ತಿದ್ದ ಟಾಮಿ ಲೀ ವಾಲೇಸ್ ಅದರ ಹುಬ್ಬು ಕಿತ್ತರು. ಕಣ್ಣಿನ ತೂತು ಅಗಲ ಮಾಡಿದರು. ಬಿಳಿ ಬಣ್ಣ ಬಳಿದರು, ಕೂದಲು ಕೆದರಿದರು. ಎಲ್ಲರಿಗೂ ಪರಿಚಯವಿದ್ದ ಒಂದು ಮುಖ ಅಲ್ಲಿಗೆ ಯಾರದ್ದೂ ಅಲ್ಲದ ಮುಖವಾಯಿತು. ಚಿತ್ರದ ಹೆಸರುಪಟ್ಟಿಯಲ್ಲೂ ನಿಕ್ ಕ್ಯಾಸಲ್ ಮಾಡಿದ ಈ ಪಾತ್ರಕ್ಕೆ ಮೈಕಲ್ ಅಂತ ಹೆಸರಿಲ್ಲ, ಬರೀ 'ಆಕಾರ' ಅಂತ ಹಾಕಿದ್ದಾರೆ.

ಅದರಲ್ಲಿ ಒಂದು ಗಳಿಗೆ ಇದೆ. ಮೈಕಲ್ ಒಬ್ಬ ಹುಡುಗನನ್ನು ಚಾಕುವಿನಿಂದ ಗೋಡೆಗೆ ಚುಚ್ಚಿ ನಿಲ್ಲಿಸುತ್ತಾನೆ. ಆಮೇಲೆ ಹೊರಟು ಹೋಗುವುದಿಲ್ಲ. ಸುಮ್ನೆ ನಿಂತು ನೋಡುತ್ತಾನೆ. ತಲೆಯನ್ನು ಒಂದು ಕಡೆಗೆ ವಾಲಿಸುತ್ತಾನೆ, ನಿಧಾನಕ್ಕೆ ಇನ್ನೊಂದು ಕಡೆಗೆ. ಕೋಪ, ಖುಷಿ ಯಾವುದೂ ಇಲ್ಲ. ಅವನು ಏನು ಯೋಚಿಸುತ್ತಿದ್ದಾನೆ ಅಂತ ತಿಳಿಯಲು ನಮಗೆ ಸಿಗುವುದು ಆ ತಲೆಯ ವಾಲಿಕೆ ಮಾತ್ರ. ಕೊನೆಯ ಹೊತ್ತಿಗೆ, ಅವನು ಬೆನ್ನಟ್ಟಿದ ಹುಡುಗಿ ಲಾರಿ ಆ ಮುಖವಾಡ ಎಳೆದು ತೆಗೆಯುತ್ತಾಳೆ. ಒಳಗಿರುವುದು ಒಬ್ಬ ಮಾಮೂಲಿ ಯುವಕನ ಮುಖ. ಅವನು ಅವಳನ್ನು ಬಿಟ್ಟು ಮೊದಲು ಮುಖವಾಡ ಮತ್ತೆ ಹಾಕಿಕೊಳ್ಳುತ್ತಾನೆ! ತನ್ನ ಶಕ್ತಿ ಎಲ್ಲಿದೆ ಅಂತ ಅವನಿಗೇ ಗೊತ್ತು ಅನ್ನಿಸುತ್ತದೆ, ಅಲ್ವಾ?

1981ರ ಎರಡನೇ ಭಾಗದಲ್ಲಿ ಇದಕ್ಕೊಂದು ಕಾರಣ ಕೊಟ್ಟರು. ಲಾರಿ ಅವನ ತಂಗಿಯಂತೆ, ಅದಕ್ಕೇ ಅವಳ ಹಿಂದೆ ಬಿದ್ದಿದ್ದಾನಂತೆ. ಒಂದೇ ಮಾತಿನಲ್ಲಿ ಅವನು ಮನೆಜಗಳದ ಕೊಲೆಗಾರನಾಗಿಬಿಟ್ಟ. 2018ರಲ್ಲಿ ಹೊಸ 'ಹ್ಯಾಲೋವೀನ್' ತೆಗೆದವರು ಮಾಡಿದ ದೊಡ್ಡ ಕೆಲಸ ಅಂದರೆ ನಡುವಿನ ಭಾಗಗಳನ್ನೆಲ್ಲ ಮರೆತು, ಆ ಅಣ್ಣತಂಗಿ ಸಂಬಂಧವನ್ನು ಅಳಿಸಿಹಾಕಿದ್ದು. ಖಾಲಿ ಜಾಗವನ್ನು ಮತ್ತೆ ಖಾಲಿ ಮಾಡಿದರು.

ಬೇರೆಯವರನ್ನು ಬೇಗ ಬೇಗ ನೋಡಿಬಿಡೋಣ. 1979ರ 'ಏಲಿಯನ್' ಜೀವಿಯನ್ನು ಕಲ್ಪಿಸಿದ ಸ್ವಿಸ್ ಕಲಾವಿದ ಎಚ್. ಆರ್. ಗೀಗರ್ ಅದಕ್ಕೆ ಕಣ್ಣು ಇಡಲಿಲ್ಲ. ಉದ್ದನೆಯ ನುಣುಪಾದ ತಲೆ, ಅಷ್ಟೇ. ಅದು ನಿಮ್ಮನ್ನು ನೋಡುತ್ತಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಉಡುಪಿನೊಳಗೆ ಇದ್ದದ್ದು ನೈಜೀರಿಯಾದ ಬೊಲಾಜಿ ಬಡೇಜೋ. ತುಂಬ ಎತ್ತರದ, ಸಪೂರ ಕೈಕಾಲಿನ ಯುವಕ. ಆ ಮೈಕಟ್ಟಿನಿಂದಾಗಿ ಒಳಗೊಬ್ಬ ಮನುಷ್ಯ ಇದ್ದಾನೆ ಅನ್ನಿಸುವುದೇ ಇಲ್ಲ. ಇಡೀ ಚಿತ್ರದಲ್ಲಿ ಜೀವಿ ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಆದರೆ ಅದು ಇಲ್ಲದ ಚೌಕಟ್ಟಿನಲ್ಲೂ ಅಂತರಿಕ್ಷ ನೌಕೆಯ ಪೈಪುಗಳ ನಡುವೆ ಅದನ್ನೇ ಹುಡುಕುತ್ತಾ ಕೂರುತ್ತೇವೆ.

1998ರ ಜಪಾನಿ ಚಿತ್ರ 'ರಿಂಗು'ವಿನ ದೆವ್ವ ಸದಾಕೋಳ ಮುಖವನ್ನು ಕೂದಲು ಮುಚ್ಚಿದೆ. ಅವಳ ನಡಿಗೆಯಿಂದ ಇನ್ನೊಂದನ್ನು ಕಿತ್ತಿದ್ದಾರೆ: ಸಹಜತೆ. ನಟಿಯನ್ನು ಹಿಮ್ಮುಖವಾಗಿ ನಡೆಸಿ, ಚಿತ್ರೀಕರಿಸಿದ್ದನ್ನು ತಿರುಗಿಸಿ ತೋರಿಸಿದರು. ಅವಳು ಮುಂದೆ ಬರುತ್ತಿದ್ದಾಳೆ, ಆದರೆ ಮೈಯ ಭಾರ ಬೀಳಬೇಕಾದ ಕಡೆ ಬೀಳುತ್ತಿಲ್ಲ. ಏನು ತಪ್ಪಿದೆ ಅಂತ ಕಣ್ಣಿಗೆ ತಕ್ಷಣ ಹೊಳೆಯುವುದಿಲ್ಲ. ಮೈ ಮಾತ್ರ ಜುಮ್ಮೆನ್ನುತ್ತದೆ.

'ಜಾಸ್'ನ ಶಾರ್ಕಿನಿಂದ ಮೈಯನ್ನೇ ಕಿತ್ತುಕೊಂಡರು, ಅದೂ ಬೇರೆ ದಾರಿ ಇಲ್ಲದೆ. ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ 1975ರ ಈ ಚಿತ್ರದಲ್ಲಿ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ತೋರಿಸದೆ ಕತೆ ನಡೆಸಬೇಕಾಯಿತು. ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳು, ಶಾರ್ಕಿಗೆ ಸಿಕ್ಕಿಸಿದ್ದರಿಂದ ನೀರಿನ ಮೇಲೆ ಓಡುವ ಹಳದಿ ಪೀಪಾಯಿಗಳು ಶಾರ್ಕಿನ ಕೆಲಸ ಮಾಡಿದವು. ಕೊನೆಗೆ ರಬ್ಬರ್ ಶಾರ್ಕ್ ಪೂರ್ತಿ ಕಾಣಿಸಿಕೊಂಡಾಗ, ನಿಜ ಹೇಳಬೇಕೆಂದರೆ, ಅದು ಪೀಪಾಯಿಯಷ್ಟು ಹೆದರಿಸುವುದಿಲ್ಲ.

1968ರ ಜಾರ್ಜ್ ರೊಮೆರೋ ಚಿತ್ರದಿಂದ ಬಂದ ನಡೆದಾಡುವ ಹೆಣಗಳನ್ನು ಈ ಸ್ಪರ್ಧೆಯಿಂದ ಹೊರಗಿಡುತ್ತೇನೆ. ಅವುಗಳಿಂದ ಕಿತ್ತುಕೊಂಡಿರುವುದು 'ನಾನು' ಅನ್ನುವುದನ್ನೇ. ಗುಂಪಾಗಿ ಅವು ಅದ್ಭುತ. ಆದರೆ ಗುಂಪಿನಲ್ಲಿ ಒಬ್ಬರನ್ನು ಆರಿಸಿ ಪಟ್ಟ ಕಟ್ಟಲು ಆಗುವುದಿಲ್ಲ.

ಈಗ ನಿಮ್ಮ ಮೂವರು ಅಭ್ಯರ್ಥಿಗಳು.

ಡ್ರಾಕುಲಾ ಪರ ಇರುವ ಗೆಳೆಯನಿಗೆ ಒಂದು ಮಾತು ಒಪ್ಪಲೇಬೇಕು. ಹೆಸರಿನ ವಿಷಯದಲ್ಲಿ ಡ್ರಾಕುಲಾನನ್ನು ಮೀರಿದವರು ಸಿಗುವುದು ಕಷ್ಟ. ಸಿನಿಮಾನೇ ನೋಡದವರಿಗೂ ಅವನು ಗೊತ್ತು. ಆದರೆ ನಮ್ಮ ತಲೆಯಲ್ಲಿರುವ ಡ್ರಾಕುಲಾ ಯಾವ ಚಿತ್ರದಲ್ಲಿದ್ದಾನೆ? ಹುಡುಕಿದರೆ ಒಂದರಲ್ಲಿ ಸಿಗುವುದಿಲ್ಲ. ಬಿಸಿಲು ಬಿದ್ದರೆ ಸಾಯುತ್ತಾನೆ ಅನ್ನುವುದು 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿಲ್ಲ. ಅಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ. ಅದು 1922ರ ಜರ್ಮನ್ ಚಿತ್ರ 'ನೊಸ್ಫೆರಾಟು'ವಿನ ಕೊಡುಗೆ. ಅನುಮತಿ ಇಲ್ಲದೆ ಕಾದಂಬರಿ ಬಳಸಿದ್ದಕ್ಕೆ ಸ್ಟೋಕರ್ ಅವರ ಹೆಂಡತಿ ಕೋರ್ಟಿಗೆ ಹೋದರು. ಆ ಚಿತ್ರದ ಪ್ರತಿಗಳನ್ನೆಲ್ಲ ನಾಶ ಮಾಡಬೇಕು ಅಂತ ಆದೇಶವೂ ಆಯಿತು. ಹೇಗೋ ಕೆಲವು ಪ್ರತಿಗಳು ಉಳಿದುಕೊಂಡವು. ಮೇಲಂಗಿ, ಆ ಎಳೆದು ಎಳೆದು ಆಡುವ ಮಾತು 1931ರ ಬೆಲಾ ಲುಗೋಸಿ ಅವರದ್ದು. ಆ ಚಿತ್ರದಲ್ಲಿ ಲುಗೋಸಿ ಒಮ್ಮೆಯೂ ಕೋರೆಹಲ್ಲು ತೋರಿಸುವುದಿಲ್ಲ ಅಂದರೆ ನಂಬುತ್ತೀರಾ? ರಕ್ತ ಮೆತ್ತಿದ ಹಲ್ಲನ್ನು ಬಣ್ಣದಲ್ಲಿ ತೋರಿಸಿ ಆ ರೂಪವನ್ನು ಗಟ್ಟಿ ಮಾಡಿದ್ದು 1958ರ ಕ್ರಿಸ್ಟೋಫರ್ ಲೀ.

ಡ್ರಾಕುಲಾನಿಂದಲೂ ಒಂದನ್ನು ಕಿತ್ತುಕೊಂಡಿದ್ದಾರೆ: ಅವನ ಪ್ರತಿಬಿಂಬ. ಲುಗೋಸಿ ಚಿತ್ರದಲ್ಲಿ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಸಿಗರೇಟು ಡಬ್ಬಿಯ ಮುಚ್ಚಳದ ಕನ್ನಡಿಯಲ್ಲಿ ಅದನ್ನು ಕಂಡುಹಿಡಿಯುತ್ತಾರೆ. ಡಬ್ಬಿಯನ್ನು ಮುಂದೆ ಹಿಡಿದ ಕೂಡಲೇ ಡ್ರಾಕುಲಾ ಅದನ್ನು ಹೊಡೆದು ಬೀಳಿಸುತ್ತಾನೆ. ಆ ಒಂದು ಕ್ಷಣ ಅವನ ಸಭ್ಯತೆ ಕಳಚಿ ಬೀಳುತ್ತದೆ. ಬಹಳ ಒಳ್ಳೆಯ ದೃಶ್ಯ. ಆದರೆ ಉಳಿದಂತೆ ಅವನಿಗೆ ಎಲ್ಲವೂ ಇದೆ. ಹಣ, ಅರಮನೆ, ಮಾತಿನ ಮೋಡಿ, ಕೊನೆಯಿಲ್ಲದ ಆಯಸ್ಸು. ನಾವು ಅವನನ್ನು ಕಂಡು ಹೆದರುವುದಕ್ಕಿಂತ ಹೆಚ್ಚಾಗಿ ಅವನಂತೆ ಇರಬೇಕು ಅಂದುಕೊಳ್ಳುತ್ತೇವೆ. ಅದೂ ಒಂದು ಶಕ್ತಿಯೇ. ಆದರೆ ನನ್ನ ಅಳತೆಯಲ್ಲಿ ಅವನು ಎರಡನೇ ಸಾಲು.

ಫ್ರೆಡ್ಡಿಯ ಹಿಂದಿನ ಯೋಚನೆ ಮಾತ್ರ ಈ ಪಟ್ಟಿಯಲ್ಲೇ ಅತ್ಯಂತ ಭಯಂಕರ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಬಂದಿದ್ದ ನಿರಾಶ್ರಿತರಲ್ಲಿ ಕೆಲವು ಯುವಕರು ಕೆಟ್ಟ ಕನಸಿನ ನಡುವೆ ನಿದ್ದೆಯಲ್ಲೇ ಸತ್ತ ಸುದ್ದಿಗಳನ್ನು ನಿರ್ದೇಶಕ ವೆಸ್ ಕ್ರೇವನ್ ಪತ್ರಿಕೆಯಲ್ಲಿ ಓದಿದ್ದರು. 1984ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್' ಹುಟ್ಟಿದ್ದು ಅಲ್ಲಿಂದ. ಕೆಂಪು ಹಸಿರು ಪಟ್ಟೆಯ ಸ್ವೆಟರ್ ಕೂಡ ಸುಮ್ಮನೆ ಬಂದದ್ದಲ್ಲ. ಆ ಎರಡು ಬಣ್ಣ ಪಕ್ಕಪಕ್ಕ ಇದ್ದರೆ ಕಣ್ಣಿಗೆ ಹಿಂಸೆ ಅಂತ ಓದಿಯೇ ಅದನ್ನು ಆರಿಸಿದರು. ಇಲ್ಲಿ ವಿಶೇಷ ಏನೆಂದರೆ, ಫ್ರೆಡ್ಡಿಯಿಂದ ಏನನ್ನೂ ಕಿತ್ತುಕೊಂಡಿಲ್ಲ. ನಮ್ಮಿಂದ ಕಿತ್ತುಕೊಂಡಿದ್ದಾರೆ, ನಮ್ಮ ನಿದ್ದೆಯನ್ನು. ಮೈಕಲ್ ಬಂದರೆ ಬಾಗಿಲು ಹಾಕಿಕೊಳ್ಳಬಹುದು. ನಿದ್ದೆಗೆ ಬಾಗಿಲು ಎಲ್ಲಿದೆ?

ಮೊದಲ ಚಿತ್ರದಲ್ಲಿ ಫ್ರೆಡ್ಡಿಯ ಪಾತ್ರ ಮಾಡಿದ ರಾಬರ್ಟ್ ಎಂಗ್ಲಂಡ್ ಹೆಚ್ಚಾಗಿ ಕತ್ತಲಲ್ಲೇ ಇರುತ್ತಾರೆ. ಟೋಪಿಯ ಅಂಚು, ಉಗುರಿನ ಕೆರೆತ, ಓಣಿಯ ಅಗಲಕ್ಕೂ ಚಾಚಿಕೊಂಡ ತೋಳು. ಮಾತು ಕಡಿಮೆ. ಭಾಗಗಳು ಬಂದ ಹಾಗೆ ಬೆಳಕು ಜಾಸ್ತಿಯಾಯಿತು, ಮಾತು ಜಾಸ್ತಿಯಾಯಿತು. ಒಂದೊಂದು ಕೊಲೆಗೂ ಒಂದೊಂದು ಜೋಕು ಬಂತು. ಜನ ಅವನ ಬರವಿಗೆ ಚಪ್ಪಾಳೆ ಹೊಡೆಯತೊಡಗಿದರು. 1994ರಲ್ಲಿ ಕ್ರೇವನ್ ಮರಳಿ ಬಂದು ಅವನನ್ನು ಮತ್ತೆ ಕತ್ತಲಿಗೆ ಎಳೆಯಲು ನೋಡಿದರು. ಅಷ್ಟು ಹೊತ್ತಿಗೆ ತಡವಾಗಿತ್ತು. ನನಗೆ ಇದು ಹಾರರ್ ಚಿತ್ರಗಳ ಇತಿಹಾಸದಲ್ಲೇ ದೊಡ್ಡ ನಷ್ಟ ಅನ್ನಿಸುತ್ತದೆ. ಇಷ್ಟು ಒಳ್ಳೆಯ ಕಲ್ಪನೆಯನ್ನು ಇಷ್ಟು ಪ್ರೀತಿಯಿಂದ ಹಾಳು ಮಾಡಿದ್ದು ಬೇರೆಲ್ಲೂ ಇಲ್ಲ.

ಇನ್ನು ನಿಮ್ಮ ಲೆಕ್ಟರ್. ಅವನು ಮನುಷ್ಯ ಅನ್ನುವ ಕಾರಣಕ್ಕೆ ಹೊರಗಿಡುವುದು ಅನ್ಯಾಯ. ಕೊಲೆಗೆ ಕಾರಣ ಹೇಳಿ ಮುಗಿಸಬಹುದಾದ ಮನುಷ್ಯ ಬರೀ ಖಳ. ಯಾವ ಕಾರಣಕ್ಕೂ ಸಿಗದವನು ರಾಕ್ಷಸನೇ. 1991ರ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್'ನಲ್ಲಿ ಲೆಕ್ಟರ್ ಯಾಕೆ ಹೀಗಾದ ಅಂತ ಯಾರೂ ಹೇಳುವುದಿಲ್ಲ. ಅವನಿಂದ ಕಿತ್ತುಕೊಂಡಿರುವುದು ಅವನ ಹಿಂದಿನ ಕತೆಯನ್ನು. ಅವನನ್ನು ವಿಚಾರಿಸಲು ಎಫ್‌ಬಿಐ ತರಬೇತಿಯಲ್ಲಿರುವ ಕ್ಲಾರಿಸ್ ಜೈಲಿನ ಕೋಣೆಗೆ ಮೊದಲ ಸಲ ಬರುವಾಗ ಅವನು ಕೋಣೆಯ ನಡುವೆ ನೆಟ್ಟಗೆ, ಕೈ ಇಳಿಬಿಟ್ಟು ನಿಂತಿರುತ್ತಾನೆ, ಕಾಯುತ್ತಿದ್ದವನ ಹಾಗೆ. ಬೇರೆ ಕೈದಿಗಳಿಗೆ ಕಂಬಿ, ಇವನಿಗೆ ಗಾಜು. ನಡುವೆ ಏನೂ ಇಲ್ಲವೇನೋ ಅನ್ನಿಸುತ್ತದೆ. ನಿರ್ದೇಶಕ ಜೊನಾಥನ್ ಡೆಮಿ ಅವನನ್ನು ನೇರ ಕ್ಯಾಮೆರಾ ನೋಡುವಂತೆ ಕೂರಿಸಿ ನಮ್ಮನ್ನೇ ಕ್ಲಾರಿಸ್ ಜಾಗದಲ್ಲಿ ನಿಲ್ಲಿಸಿದರು. ಎರಡು ಗಂಟೆಯ ಚಿತ್ರದಲ್ಲಿ ಅರ್ಧ ಗಂಟೆಯೂ ಕಾಣದ ಆಂಥನಿ ಹಾಪ್ಕಿನ್ಸ್‌ಗೆ ಮುಖ್ಯ ನಟನ ಆಸ್ಕರ್ ಬಂತು. 2007ರಲ್ಲಿ ಬಂದ ಇನ್ನೊಂದು ಚಿತ್ರ ಅವನಿಗೆ ಯುದ್ಧಕಾಲದ ಬಾಲ್ಯ, ಕಳೆದುಹೋದ ತಂಗಿ, ಸೇಡು ಎಲ್ಲವನ್ನೂ ಕೊಟ್ಟಿತು. ಅದನ್ನು ನೋಡದಿದ್ದರೆ ನೋಡಬೇಡಿ.

ಆದರೂ ಮನುಷ್ಯರ ಪಟ್ಟಿಯಲ್ಲಿ ನನ್ನ ಮೊದಲ ಸ್ಥಾನ ಲೆಕ್ಟರ್‌ಗೆ ಅಲ್ಲ, 1960ರ 'ಸೈಕೋ'ದಲ್ಲಿ ರಸ್ತೆಬದಿಯ ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್‌ಗೆ. (ಈ ಚಿತ್ರ ಇನ್ನೂ ನೋಡಿಲ್ಲವಾದರೆ ಮುಂದಿನ ಪ್ಯಾರಾ ಬಿಟ್ಟುಬಿಡಿ.) ಲೆಕ್ಟರ್ ನಮ್ಮನ್ನು ಮರುಳು ಮಾಡುತ್ತಾನೆ. ನಾರ್ಮನ್ ನಮ್ಮನ್ನು ಪಾಲುದಾರರನ್ನಾಗಿ ಮಾಡುತ್ತಾನೆ.

ಸ್ನಾನದ ಮನೆಯ ಕೊಲೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅದರ ನಂತರದ್ದು. ನಾರ್ಮನ್ ಹೆಣವಿರುವ ಕಾರನ್ನು ಜೌಗಿಗೆ ತಳ್ಳುತ್ತಾನೆ. ಏನೋ ಬಾಯಿಗೆ ಹಾಕಿಕೊಂಡು ಅಗಿಯುತ್ತಾ ನೋಡುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ನಡುವೆ ನಿಂತುಬಿಡುತ್ತದೆ. ಅವನ ಬಾಯಿಯೂ ನಿಲ್ಲುತ್ತದೆ. ಆ ಕ್ಷಣ ನೋಡುವವರ ಮನಸ್ಸು ಏನು ಬಯಸುತ್ತದೆ ಹೇಳಿ? 'ಮುಳುಗಲಿ, ಮುಳುಗಿಬಿಡಲಿ' ಅಂತ! ಆಗಷ್ಟೇ ಸತ್ತವಳನ್ನು ಮರೆತು ನಾವು ಈ ಹುಡುಗನ ಪರ ನಿಂತಿರುತ್ತೇವೆ. ಕಾದಂಬರಿಯ ನಾರ್ಮನ್ ನಡುವಯಸ್ಸಿನ ದಪ್ಪ ಮನುಷ್ಯ. ನಿರ್ದೇಶಕ ಹಿಚ್‌ಕಾಕ್ ಆ ಜಾಗಕ್ಕೆ ನಾಚಿಕೆ ಸ್ವಭಾವದ, ಸುಂದರ ಯುವಕ ಆಂಥನಿ ಪರ್ಕಿನ್ಸ್‌ನನ್ನು ತಂದದ್ದು ಇದಕ್ಕೇ. ಕೊನೆಯಲ್ಲಿ ಮನೋವೈದ್ಯರೊಬ್ಬರು ಬಂದು ಎಲ್ಲವನ್ನೂ ವಿವರಿಸುತ್ತಾರೆ. ಖಾಲಿ ಜಾಗ ತುಂಬಿತು, ಕೆಟ್ಟಿತು ಅಂದುಕೊಳ್ಳುವಾಗಲೇ ಹಿಚ್‌ಕಾಕ್ ಕ್ಯಾಮೆರಾವನ್ನು ನಾರ್ಮನ್ ಮುಖಕ್ಕೆ ಒಯ್ಯುತ್ತಾರೆ. ಆ ನಗುವಿನ ಮುಂದೆ ವೈದ್ಯರ ಮಾತೆಲ್ಲ ಪುಸ್ತಕದ ಬದನೆಕಾಯಿ ಅನ್ನಿಸಿಬಿಡುತ್ತದೆ.

ಗಾಡ್ಜಿಲ್ಲಾನನ್ನು ಯಾಕೆ ಬಿಟ್ಟಿರಿ ಅಂತ ಯಾರಾದರೂ ಕೇಳಿಯಾರು. ಬಿಟ್ಟಿಲ್ಲ. 1954ರ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು. ಅದೇ ವರ್ಷದ ಕೊನೆಗೆ ಇಶಿರೋ ಹೊಂಡಾ ಅವರ ಚಿತ್ರ ತೆರೆಗೆ ಬಂತು. ಒಂದು ದೇಶದ ಹಸಿ ಗಾಯಕ್ಕೆ ಇಷ್ಟು ಬೇಗ ರೂಪ ಕೊಟ್ಟ ರಾಕ್ಷಸ ಇನ್ನೊಂದಿಲ್ಲ. ಆದರೆ ಅವನನ್ನು ಮನುಷ್ಯನ ಅಳತೆಯಲ್ಲಿ ಅಳೆಯಲು ಬರುವುದಿಲ್ಲ. ಅವನಿಗೆ ನಮ್ಮ ಮೇಲೆ ದ್ವೇಷವೂ ಇಲ್ಲ, ಕಾಲ ಕೆಳಗೆ ನಾವಿದ್ದೇವೆ ಅನ್ನುವ ಪರಿವೆಯೂ ಇಲ್ಲ. ಅವನಿಗೆ ಬೇರೆಯೇ ಪೀಠ.

ಹಾಗಾದರೆ ನನ್ನ ಮತ? 1931ರ 'ಫ್ರಾಂಕನ್‌ಸ್ಟೈನ್'ನಲ್ಲಿ ಆ ಹೆಸರಿನ ವಿಜ್ಞಾನಿ ಹೆಣಗಳ ಭಾಗ ಜೋಡಿಸಿ ಮಾಡಿದ ಜೀವಿಗೆ. ಎರಡನೇ ಯೋಚನೆಯೇ ಇಲ್ಲ.

1818ರ ಮೇರಿ ಶೆಲ್ಲಿ ಕಾದಂಬರಿಯಲ್ಲಿ ಅವನು ಚೆನ್ನಾಗಿ ಮಾತಾಡುತ್ತಾನೆ, ಪುಸ್ತಕ ಓದುತ್ತಾನೆ, ತನ್ನನ್ನು ಮಾಡಿದವನ ಜೊತೆ ವಾದಕ್ಕೆ ನಿಲ್ಲುತ್ತಾನೆ. ನಿರ್ದೇಶಕ ಜೇಮ್ಸ್ ವೇಲ್ ಅವನಿಂದ ಮಾತನ್ನು ಕಿತ್ತುಕೊಂಡರು. ಹೆಸರು ಮೊದಲೇ ಇರಲಿಲ್ಲ. ಚಿತ್ರದ ಆರಂಭದ ಪಟ್ಟಿಯಲ್ಲಿ ಆ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಹೆಸರಿನ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಇದೆ. ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಚಪ್ಪಟೆ ನೆತ್ತಿ, ಕುತ್ತಿಗೆಗೆ ಲೋಹದ ತುಂಡು ಇಟ್ಟರು. ಕಣ್ಣು ತೀರಾ ಚುರುಕಾಗಿ ಕಾಣುತ್ತಿದೆ ಅಂತ ರೆಪ್ಪೆಗೆ ಮೇಣ ಹಚ್ಚಿ ಭಾರ ಮಾಡಿದರು. ಕಾರ್ಲಾಫ್ ಬಾಯಿಯ ಒಂದು ಕಡೆಯ ಕಟ್ಟಿಸಿದ ಹಲ್ಲು ತೆಗೆದು ಕೆನ್ನೆ ಗುಳಿಬೀಳುವಂತೆ ಮಾಡಿಕೊಂಡರು. ಇಷ್ಟೆಲ್ಲ ಹೊತ್ತುಕೊಂಡೂ ಅವರ ಮುಖದಲ್ಲಿ ಒಂದೊಂದು ಭಾವವೂ ಕಾಣುತ್ತದೆ. ಅದು ಪವಾಡ.

ಅವನು ಮೊದಲು ತೆರೆಗೆ ಬರುವುದು ಬೆನ್ನು ತೋರಿಸಿಕೊಂಡು. ನಿಧಾನಕ್ಕೆ ತಿರುಗುತ್ತಾನೆ. ಮುಖ ಹತ್ತಿರ, ಇನ್ನೂ ಹತ್ತಿರ. ನಾವು ಹೆದರುತ್ತೇವೆ. ಸ್ವಲ್ಪ ಹೊತ್ತಿಗೆ ಫ್ರಾಂಕನ್‌ಸ್ಟೈನ್ ಮೇಲಿನ ಕಿಂಡಿ ತೆರೆಯುತ್ತಾನೆ, ಬೆಳಕು ಬೀಳುತ್ತದೆ. ಈ ಜೀವಿ ತಲೆಯೆತ್ತಿ, ಎರಡೂ ಕೈ ಎತ್ತಿ ಆ ಬೆಳಕನ್ನು ಹಿಡಿಯಲು ನೋಡುತ್ತದೆ. ಕಿಂಡಿ ಮುಚ್ಚುತ್ತಾರೆ. ಅವನು ಖಾಲಿ ಕೈಯನ್ನು ತನ್ನನ್ನು ಮಾಡಿದವನ ಕಡೆ ಚಾಚುತ್ತಾನೆ. ಕೇಳಲು ಮಾತಿಲ್ಲ. ಎರಡು ನಿಮಿಷದೊಳಗೆ ಭಯ ಮರುಕವಾಗಿ ಬದಲಾಗಿರುತ್ತದೆ.

ಕೆರೆಯ ದಂಡೆಯ ದೃಶ್ಯದಲ್ಲಿ ಅವನನ್ನು ಕಂಡು ಹೆದರದ ಒಂದೇ ಒಂದು ಮಗು ಸಿಗುತ್ತದೆ. ಮರಿಯಾ ಅವನಿಗೆ ಹೂ ಕೊಡುತ್ತಾಳೆ. ಇಬ್ಬರೂ ಹೂವನ್ನು ನೀರಿಗೆ ಎಸೆದು ತೇಲುವುದನ್ನು ನೋಡುತ್ತಾರೆ. ಅವನು ನಗುತ್ತಾನೆ. ಹೂ ಮುಗಿಯುತ್ತದೆ. ಅವಳೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ಎತ್ತಿ ಎಸೆಯುತ್ತಾನೆ. ಈ ಎಸೆಯುವ ಭಾಗ ಕ್ರೂರ ಅಂತ ಕತ್ತರಿಸಿಹಾಕಿದರು. ಪರಿಣಾಮ ಉಲ್ಟಾ ಆಯಿತು. ಅವನು ಕೈ ಚಾಚುತ್ತಾನೆ, ಮುಂದೆ ಸತ್ತ ಮಗುವನ್ನು ಅದರ ಅಪ್ಪ ಹೊತ್ತು ಬರುತ್ತಾನೆ. ನಡುವೆ ಏನಾಯಿತು ಅಂತ ಜನ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಳ್ಳಬಹುದಾಗಿತ್ತು. 1980ರ ದಶಕದಲ್ಲಿ ಆ ತುಣುಕು ಮರಳಿ ಸೇರಿದಾಗ ನಿಜ ಕಂಡಿತು. ಮಗು ಮುಳುಗಿದ ಮೇಲೆ ಅವನು ಗಾಬರಿಯಿಂದ ನೀರಿನಲ್ಲಿ ಹುಡುಕುತ್ತಾನೆ, ಏನು ಮಾಡಬೇಕೋ ತಿಳಿಯದೆ ಓಡಿಹೋಗುತ್ತಾನೆ.

ಮೈಕಲ್‌ಗೆ ತನಗೆ ಮುಖ ಇಲ್ಲ ಅನ್ನುವ ಕೊರಗಿಲ್ಲ. ಏಲಿಯನ್ ಕಣ್ಣಿಗಾಗಿ ಅಳುವುದಿಲ್ಲ. ತನ್ನಿಂದ ಏನೋ ಕಿತ್ತುಕೊಂಡಿದ್ದಾರೆ ಅಂತ ಗೊತ್ತಿರುವ, ಅದಕ್ಕಾಗಿ ಸಂಕಟಪಡುವ ರಾಕ್ಷಸ ಇವನು. ಅದಕ್ಕೇ ಇವನು ಮೇಲೆ.

ನನ್ನ ನಿಯಮವನ್ನು ಮುರಿದು ಗೆದ್ದವನೂ ಇವನೇ. 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್'ನಲ್ಲಿ ವೇಲ್ ಅವನಿಗೆ ಮಾತು ಮರಳಿ ಕೊಟ್ಟರು. ಕಾಡಿನ ಗುಡಿಸಲಿನ ಕುರುಡ ಸನ್ಯಾಸಿ ಒಂದೊಂದೇ ಪದ ಕಲಿಸುತ್ತಾನೆ. ಗೆಳೆಯ ಅನ್ನುವುದು ಒಳ್ಳೆಯದು, ಒಂಟಿ ಅನ್ನುವುದು ಕೆಟ್ಟದ್ದು ಅಂತ ಅವನಿಗೆ ಗೊತ್ತಾಗುತ್ತದೆ. ಖಾಲಿ ಜಾಗ ತುಂಬಿತು. ಪಾತ್ರ ಸಾಯಬೇಕಿತ್ತು, ಅಲ್ವಾ? ಇನ್ನೂ ದೊಡ್ಡದಾಯಿತು. ಯಾಕೆಂದರೆ ಮಾತು ಬಂದ ಮೇಲೆ ತನಗೆ ಇನ್ನೂ ಏನೇನಿಲ್ಲ ಅಂತ ಅವನಿಗೆ ಹೆಸರು ಸಮೇತ ತಿಳಿಯಿತು. ಅವನಿಗಾಗಿ ಮಾಡಿದ ವಧು ಎಲ್ಸಾ ಲಾಂಚೆಸ್ಟರ್ ಅವನನ್ನು ಕಂಡು ಹಂಸದಂತೆ ಬುಸುಗುಡುತ್ತಾಳೆ. ಆಗ ಅವನ ಮುಖ ನೋಡಿ.

ನಿಮ್ಮ ವಾದಕ್ಕೆ ನನ್ನ ಸಲಹೆ ಇಷ್ಟು. ಹೆಸರಿನ ಪ್ರಸಿದ್ಧಿಯೇ ಅಳತೆ ಅಂದರೆ ಡ್ರಾಕುಲಾ ಗೆದ್ದ, ಗೆಳೆಯನಿಗೆ ಬಿಟ್ಟುಕೊಡಿ. ಫ್ರೆಡ್ಡಿ ಪರ ಇರುವವರಿಗೆ ಮೊದಲ ಚಿತ್ರವನ್ನು ಮಾತ್ರ ಇಟ್ಟು ವಾದ ಮಾಡಲು ಹೇಳಿ, ಅವರ ಪಕ್ಷ ಬಹಳ ಗಟ್ಟಿಯಾಗುತ್ತದೆ. ನೀವು ಲೆಕ್ಟರ್‌ನನ್ನು ಬಿಡಬೇಡಿ, ಆದರೆ ಜೌಗಿನ ದೃಶ್ಯವನ್ನು ಇನ್ನೊಮ್ಮೆ ನೋಡಿ ಬಂದು ನಾರ್ಮನ್ ಮುಂದೆ ಅವನನ್ನು ಸಮರ್ಥಿಸಿ. ಮೂವರೂ ಒಟ್ಟಿಗೆ ಕೂರುವುದಾದರೆ 1931 ಮತ್ತು 1935ರ ಎರಡು ಚಿತ್ರಗಳನ್ನು ಒಂದೇ ಸಂಜೆ ನೋಡಬಹುದು. ಎರಡೂ ಸೇರಿ ಎರಡೂವರೆ ಗಂಟೆ ಆಗುವುದಿಲ್ಲ.